ಚೀಲಕ್ಕೆ ಕೈ ಹಾಕುವ ಮುನ್ನ

ಪ್ರಶ್ನೆ: ಶಿರಸಿ ಸಮೀಪದ ಹಳ್ಳಿಯಿಂದ ಕೆಲಸಕ್ಕಾಗಿ ಬೆಂಗಳೂರಿಗೆ ಬಂದಿದ್ದೇನೆ. ದಾರಿಯಲ್ಲಿ ಸಿಕ್ಕವರನ್ನು ಮಾತನಾಡಿಸದೆ ಮುಂದೆ ಹೋಗುವುದನ್ನು ನಮ್ಮೂರಿನಲ್ಲಿ ಸೊಕ್ಕು ಎನ್ನುತ್ತಾರೆ. ಇಲ್ಲಿ ಮಾತನಾಡಿಸಿದರೆ ಅನುಮಾನದಿಂದ ನೋಡುತ್ತಾರೆ. ಈಚೆಗೆ ಮೆಜೆಸ್ಟಿಕ್‌ನಲ್ಲಿ ಭಾರದ ಚೀಲದೊಂದಿಗೆ ಒದ್ದಾಡುತ್ತಿದ್ದ ಮಹಿಳೆಯೊಬ್ಬರಿಗೆ ನೆರವಾಗಲು ಕೈ ಹಾಕಿದಾಗ ಅವರು ಚೀಲವನ್ನು ತಮ್ಮತ್ತ ಸೆಳೆದುಕೊಂಡು ಗದರಿದರು. ಇಂಥ ಊರಿನಲ್ಲಿ ಒಳ್ಳೆಯತನ ಉಳಿಸಿಕೊಳ್ಳುವುದು ಹೇಗೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಆ ಮಹಿಳೆ ಮಾಡಿದ್ದು ಸರಿಯಾಗಿಯೇ ಇದೆ. ನಿಮ್ಮ ಊರಿನಲ್ಲಿ ನೀವು ಯಾರ ಮನೆಯವರೆಂಬುದು ಎದುರಿನವರಿಗೆ ಮೊದಲೇ ತಿಳಿದಿರುತ್ತದೆ; ಮೆಜೆಸ್ಟಿಕ್‌ನಲ್ಲಿ ಚೀಲದತ್ತ ಬಂದ ಕೈ ನೆರವಿನದೋ ಕಳ್ಳನದೋ ಎಂಬುದನ್ನು ಅವರು ಅರೆಕ್ಷಣದಲ್ಲಿ ತೀರ್ಮಾನಿಸಬೇಕಿತ್ತು. ಎರಡು ಹೆಜ್ಜೆ ದೂರದಲ್ಲಿಯೇ ನಿಂತು ‘ಒಂದು ಕಡೆ ಹಿಡಿದುಕೊಳ್ಳಲೇ?’ ಎಂದು ಕೇಳಿ, ಬೇಡವೆಂದರೆ ಬೇಸರಿಸದೆ ಮುಂದೆ ನಡೆಯುವುದು ನಗರದಲ್ಲಿ ನೀವು ರೂಢಿಸಿಕೊಳ್ಳಬೇಕಾದ ಮೊದಲ ನಡವಳಿಕೆ. ಬೇಡವೆನ್ನುವ ಅವಕಾಶವನ್ನು ಎದುರಿನವರಿಗೆ ಬಿಟ್ಟುಕೊಡುವುದೂ ನೆರವೇ ಆಗಿದೆ.

ಇನ್ನು, ಈ ಊರು ನೀವು ಹೇಳುವಷ್ಟು ಒಣಗಿಲ್ಲ. ಬೆಳಗಿನ ಬಿಎಂಟಿಸಿ ಬಸ್ಸಿನಲ್ಲಿ ಕೂತವರು ನಿಂತವರ ಬ್ಯಾಗನ್ನು ಹೆಸರು ಕೂಡ ಕೇಳದೆ ತೊಡೆಯ ಮೇಲಿಟ್ಟುಕೊಳ್ಳುವುದನ್ನೂ, ಹಿಂದಿನ ಬಾಗಿಲಲ್ಲಿ ಹತ್ತಿದವರ ನೋಟು ನಾಲ್ಕಾರು ಕೈ ದಾಟಿ ಕಂಡಕ್ಟರ್ ತಲುಪಿ, ಚಿಲ್ಲರೆ ಮತ್ತು ಟಿಕೆಟ್ ಅದೇ ದಾರಿಯಲ್ಲಿ ಹಿಂದಿರುಗುವುದನ್ನೂ ನೀವು ನೋಡಿರುತ್ತೀರಿ. (ಮೊಬೈಲಿನಲ್ಲಿ ಹಣ ಪಾವತಿಸುವ ಕಾಲದಲ್ಲಿ ಈ ಎರಡನೆಯ ದೃಶ್ಯ ಅಪರೂಪವಾಗುತ್ತಿರುವುದು ನನಗೆ ವೈಯಕ್ತಿಕವಾಗಿ ಒಂದು ನಷ್ಟ.) ಅಲ್ಲಿ ಯಾರೂ ಕುಶಲ ವಿಚಾರಿಸುವುದಿಲ್ಲ, ಆದರೆ ಕೆಲಸ ನಡೆಯುತ್ತದೆ. ಬೇಸಿಗೆಯಲ್ಲಿ ನಮ್ಮ ಊರುಗಳ ದಾರಿಬದಿಯಲ್ಲಿ ಅರವಟ್ಟಿಗೆ ಇಡುವವರಿಗೂ ನೀರು ಕುಡಿದು ಹೋದವರು ಯಾರೆಂಬುದು ಬೇಕಿರಲಿಲ್ಲ. ನಗರಕ್ಕೆ ಒಗ್ಗುವುದು ಪರಿಚಯವನ್ನು ಕೇಳದ ಇಂಥ ಉಪಕಾರವೇ.

ಆದರೆ ಅದಕ್ಕೂ ಬಿಡುವು ಬೇಕು, ನಮ್ಮಲ್ಲಿ ಇಲ್ಲದಿರುವುದು ಅದೇ. ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬ ಮನೋವಿಜ್ಞಾನಿಗಳು 1973ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಅಮೆರಿಕದ ಪ್ರಿನ್ಸ್‌ಟನ್‌ನ ಧರ್ಮಶಾಸ್ತ್ರದ ವಿದ್ಯಾರ್ಥಿಗಳನ್ನು ಭಾಷಣ ಮಾಡಲೆಂದು ಪಕ್ಕದ ಕಟ್ಟಡಕ್ಕೆ ಕಳುಹಿಸಿ, ದಾರಿಯಲ್ಲಿ ಕೆಮ್ಮುತ್ತ ಕುಸಿದು ಕೂತ ಒಬ್ಬನನ್ನು ಇರಿಸಲಾಗಿತ್ತು. ಬಿಡುವಿದ್ದವರಲ್ಲಿ ಶೇ 63ರಷ್ಟು ಮಂದಿ ನೆರವಾದರೆ, ತಡವಾಯಿತೆಂದು ಅವಸರಪಡಿಸಲಾದವರಲ್ಲಿ ನೆರವಾದವರು ಶೇ 10 ಮಾತ್ರ. ದಾರಿಯಲ್ಲಿ ಬಿದ್ದವನಿಗೆ ಉಪಕರಿಸಿದವನ ಬೈಬಲ್ ಕಥೆಯನ್ನೇ ಕುರಿತು ಮಾತನಾಡಲು ಹೊರಟಿದ್ದವರೂ ಇದಕ್ಕೆ ಹೊರತಾಗಿರಲಿಲ್ಲ. ಆದ್ದರಿಂದ ನಿಮ್ಮ ಸ್ವಭಾವ ಕೆಡುತ್ತಿದೆಯೆಂದು ಚಿಂತಿಸುವ ಬದಲು ಮನೆಯಿಂದ ಹತ್ತು ನಿಮಿಷ ಮೊದಲು ಹೊರಡಿ. ಬಸ್ಸಿನ ಬೋರ್ಡ್ ಓದಲಾಗದ ಹೊರರಾಜ್ಯದ ಕೂಲಿಕಾರರಿಗೆ ನಂಬರ್ ತೋರಿಸಲು, ಪಾರ್ಸೆಲ್ ಹೊತ್ತು ಬರುವ ಹುಡುಗನಿಗಾಗಿ ಲಿಫ್ಟ್ ತಡೆದು ನಿಲ್ಲಿಸಲು, ರಸ್ತೆ ದಾಟಲು ಹಿಂಜರಿಯುವ ವೃದ್ಧರ ಜೊತೆ ಹೆಜ್ಜೆ ಹಾಕಲು ಅಷ್ಟು ಹೊತ್ತು ಸಾಕು.

ಪ್ರಶ್ನೆ: ರಸ್ತೆ ಅಪಘಾತದಲ್ಲಿ ಬಿದ್ದವರಿಗೆ ನೆರವಾದರೆ ಪೊಲೀಸ್ ಠಾಣೆ, ಕೋರ್ಟು ಎಂದು ಅಲೆಯಬೇಕಾಗುತ್ತದೆ ಎಂದು ಮನೆಯವರು ತಡೆಯುತ್ತಾರೆ. ಇದು ನಿಜವೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಆ ಭಯಕ್ಕೆ ಹಿಂದೆ ಆಧಾರವಿತ್ತು. ನೆರವಾದವರ ರಕ್ಷಣೆಗಾಗಿ ಕೇಂದ್ರ ರೂಪಿಸಿದ್ದ ಮಾರ್ಗಸೂಚಿಗಳಿಗೆ 2016ರಲ್ಲಿ ಸುಪ್ರೀಂ ಕೋರ್ಟ್ ಕಾನೂನಿನ ಬಲ ಕೊಟ್ಟಿತು. ಕರ್ನಾಟಕ ಅದೇ ವರ್ಷ ರೂಪಿಸಿದ ಪ್ರತ್ಯೇಕ ಕಾಯ್ದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. 2019ರ ತಿದ್ದುಪಡಿಯ ಮೂಲಕ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು. ಇವುಗಳ ಪ್ರಕಾರ, ಸದುದ್ದೇಶದಿಂದ ನೆರವಾದವರ ಮೇಲೆ ಗಾಯಾಳುವಿಗೆ ಆದ ಹಾನಿಗಾಗಿ ಸಿವಿಲ್ ಅಥವಾ ಕ್ರಿಮಿನಲ್ ಮೊಕದ್ದಮೆ ಹೂಡುವಂತಿಲ್ಲ, ಹೆಸರು ಹೇಳುವಂತೆ ಒತ್ತಾಯಿಸುವಂತಿಲ್ಲ. ಸಾಕ್ಷಿಯಾಗುವುದು ನಿಮ್ಮ ಇಚ್ಛೆಗೆ ಬಿಟ್ಟದ್ದು.

ಇದಕ್ಕಿಂತ ದೊಡ್ಡ ತೊಡಕು ಸುತ್ತ ನೆರೆಯುವ ಗುಂಪು. ಇದೇ ಡಾರ್ಲಿ 1968ರಲ್ಲಿ ಬಿಬ್ ಲಟಾನೆ ಜೊತೆ ಪ್ರಕಟಿಸಿದ ಪ್ರಯೋಗದಲ್ಲಿ, ಮೂರ್ಛೆರೋಗದಿಂದ ಒದ್ದಾಡುತ್ತಿದ್ದವನ ದನಿಯನ್ನು ತಾನೊಬ್ಬನೇ ಕೇಳುತ್ತಿದ್ದೇನೆಂದು ಭಾವಿಸಿದವರಲ್ಲಿ ಶೇ 85ರಷ್ಟು ಮಂದಿ ಬೇಗನೆ ನೆರವು ಕರೆದರೆ, ಇನ್ನೂ ನಾಲ್ವರು ಕೇಳುತ್ತಿದ್ದಾರೆಂದು ನಂಬಿದವರಲ್ಲಿ ಹಾಗೆ ಮಾಡಿದವರು ಶೇ 31. ಯಾರಾದರೂ ಫೋನ್ ಮಾಡಿರುತ್ತಾರೆ ಎಂದುಕೊಳ್ಳಬೇಡಿ. ‘ಯಾರಾದರೂ ಬನ್ನಿ’ ಎಂದು ಕೂಗುವ ಬದಲು ಒಬ್ಬರನ್ನು ನೋಡಿ, ‘ನೀಲಿ ಅಂಗಿಯವರೇ, 108ಕ್ಕೆ ಕರೆ ಮಾಡಿ’ ಎನ್ನಿ. ಇನ್ನೊಬ್ಬರನ್ನು ವಾಹನಗಳನ್ನು ತಡೆಯಲು ನಿಲ್ಲಿಸಿ. ಬೆಂಕಿಯಂಥ ಅಪಾಯ ಇಲ್ಲದಿದ್ದರೆ ಆಂಬುಲೆನ್ಸ್ ಬರುವವರೆಗೆ ಗಾಯಾಳುವನ್ನು ಎತ್ತಿ ಕೂರಿಸಬೇಡಿ, ನೀರು ಕುಡಿಸಬೇಡಿ. ರಕ್ತ ಸುರಿಯುತ್ತಿರುವ ಕಡೆ ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿಯಿರಿ.