ಬಾಯಿಪಾಠಕ್ಕೆ ಚಾರ್ಟ್ ಹುಡುಕಬೇಡಿ, ಮೊದಲು ಬೂಸ್ಟು ನೋಡಿ

ಕನ್ನಡ ಮೀಡಿಯಂನಿಂದ ಬಂದು ಫಸ್ಟ್ ಪಿಯುಸಿ ಸೈನ್ಸ್ ತಗೊಂಡಿದ್ದೀರಿ, ಬಯಾಲಜಿಯಲ್ಲಿ ವರ್ಗೀಕರಣದಿಂದ ಅಂಗಾಂಶದವರೆಗೆ ಎಲ್ಲ ಕಲಸುಮೇಲೋಗರ ಆಗಿದೆ, ನೆನಪಿನಲ್ಲಿ ನಿಲ್ಲುತ್ತಿಲ್ಲ, ಬಾಯಿಪಾಠಕ್ಕೆ ಒಳ್ಳೆ ಚಾರ್ಟ್ ಬೇಕು ಅಂತ ಕೇಳಿದ್ದೀರಿ. ಇದನ್ನು ಓದಿದ ಕೂಡಲೇ ನನ್ನ ಹಾಸ್ಟೆಲ್ ರೂಮಿನ ಗೋಡೆ ನೆನಪಾಯಿತು. ಅದರ ತುಂಬಾ ಚಾರ್ಟ್ ಅಂಟಿಸಿದ್ದೆ.

ನಾನು ತೀರ್ಥಹಳ್ಳಿ ಕಡೆಯವಳು. ಎಸ್ಸೆಸ್ಸೆಲ್ಸಿವರೆಗೆ ಪೂರಾ ಕನ್ನಡ. ಪಿಯುಸಿಗೆ ಬಂದಾಗ ಶಿಲೀಂಧ್ರ ಹೋಗಿ ಫಂಗಸ್ ಆಯಿತು, ಕೋಶದ ಸುತ್ತಲಿನ ಗೋಡೆಯಾದ ಕೋಶಭಿತ್ತಿ ಸೆಲ್ ವಾಲ್ ಆಯಿತು, ಒಂದೇ ಕೆಲಸದ ಕೋಶಗಳ ಗುಂಪಾದ ಅಂಗಾಂಶ ಟಿಶ್ಯೂ ಆಯಿತು. ನಿಜ ಹೇಳಬೇಕೆಂದರೆ ಶಿಲೀಂಧ್ರವೂ ನಮ್ಮ ಮನೆಯ ಮಾತಲ್ಲ. ನಮ್ಮಲ್ಲಿ ಇದ್ದದ್ದು ಅಣಬೆ ಮತ್ತು ಬೂಸ್ಟು. ಮಳೆಗಾಲ ಬಂತೆಂದರೆ ಚಪ್ಪಲಿಗೆ ಬೂಸ್ಟು, ಬೆಲ್ಟಿಗೆ ಬೂಸ್ಟು, ಒದ್ದೆ ಸೌಟು ಹಾಕಿದ ಉಪ್ಪಿನಕಾಯಿಗೂ ಬೂಸ್ಟು. ಪುಸ್ತಕದಲ್ಲಿ ಇರುವುದು ಇದೇ ಅಂತ ಆಗ ಹೊಳೆಯಲೇ ಇಲ್ಲ.

ಇನ್ನು ನಾನು ಮಾಡಿದ ತಪ್ಪು. ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ನೀವು ಕೇಳುತ್ತಿರುವ ಚಾರ್ಟ್ ಅದೇ ತಪ್ಪಿನ ದಾರಿ.

ವಿಟೇಕರ್ ಅನ್ನುವ ವಿಜ್ಞಾನಿ 1969ರಲ್ಲಿ ಜೀವಿಗಳನ್ನೆಲ್ಲ ಐದು ದೊಡ್ಡ ಗುಂಪು, ಅಂದರೆ ಸಾಮ್ರಾಜ್ಯಗಳಾಗಿ ಮಾಡಿದ ವಿಂಗಡಣೆಗೆ ಪುಸ್ತಕದಲ್ಲಿ ಒಂದು ಟೇಬಲ್ ಇದೆ ಅಲ್ವಾ? ಅದನ್ನು ನಾನು ಅಂಗೈಯಗಲದ ಚೀಟಿಗೆ ಇಳಿಸಿದೆ. ಪುಸ್ತಕದ ವಾಕ್ಯಗಳ ಬದಲು ಬರೀ 'ಇದೆ', 'ಇಲ್ಲ'. ಕೋಶಭಿತ್ತಿ ಸಾಲಿನಲ್ಲಿ ಮೊನೆರಾ (ಬ್ಯಾಕ್ಟೀರಿಯಾಗಳ ಗುಂಪು) ಇದೆ, ಪ್ರೊಟಿಸ್ಟಾ (ಅಮೀಬಾದಂಥ ಏಕಕೋಶ ಜೀವಿಗಳ ಗುಂಪು) ಕೆಲವಕ್ಕೆ ಇದೆ, ಫಂಗಸ್ ಇದೆ, ಸಸ್ಯ ಇದೆ, ಪ್ರಾಣಿ ಇಲ್ಲ. ಕೊನೆಗೆ ಆಹಾರದ ಸಾಲಿಗೆ ಜಾಗ ಸಾಲಲಿಲ್ಲ. ಬಿಟ್ಟುಬಿಟ್ಟೆ.

ಪುಸ್ತಕದಲ್ಲಿ ಫಂಗಸ್‌ಗೆ ಕೈಟಿನ್ ಗೋಡೆ, ಸಸ್ಯಕ್ಕೆ ಸೆಲ್ಯುಲೋಸ್ ಗೋಡೆ ಅಂತ ಸ್ಪಷ್ಟವಾಗಿ ಇತ್ತು. ನನ್ನ ಚೀಟಿಯಲ್ಲಿ ಎರಡಕ್ಕೂ ಒಂದೇ 'ಇದೆ'. ಆಹಾರದ ಸಾಲು ಬೇರೆ ಇಲ್ಲ. ಹಾಗಾಗಿ ಆ ಚೀಟಿಯ ಪ್ರಕಾರ ನಾಯಿಕೊಡೆಗೂ ತೆಂಗಿನಮರಕ್ಕೂ ವ್ಯತ್ಯಾಸವೇ ಇರಲಿಲ್ಲ. ವೈವಾದಲ್ಲಿ, ಅಂದರೆ ಬಾಯಿಮಾತಿನ ಪರೀಕ್ಷೆಯಲ್ಲಿ, ಪರೀಕ್ಷಕರು ಬ್ರೆಡ್ಡಿನ ಬೂಸ್ಟಿನ ಸ್ಲೈಡ್ ಇಟ್ಟರು. ಉದ್ದುದ್ದ ಎಳೆ, ತುದಿಯಲ್ಲಿ ಕಪ್ಪು ಗುಂಡು. ನಾನು 'ಪಾಚಿ' ಅಂದೆ. "ಪಾಚಿ ಆದರೆ ಹಸಿರೆಲ್ಲಿ?" ಅಂತ ಕೇಳಿದರು. ಸುಮ್ಮನೆ ನಿಂತೆ. ಥಿಯರಿಯಲ್ಲಿ ಫಂಗಸ್‌ಗಳನ್ನು ಸಸ್ಯಗಳಿಂದ ಯಾಕೆ ಬೇರೆ ಮಾಡಿದರು ಅಂತ ಬಂದಿತ್ತು. ಎರಡಕ್ಕೂ ಗೋಡೆ ಇದೆ, ಎರಡೂ ಓಡಾಡುವುದಿಲ್ಲ, ಆದ್ದರಿಂದ ಅವೂ ಹಸಿರಿಲ್ಲದ ಸಸ್ಯಗಳೇ ಅಂತ ಒಂದು ಪುಟ ಬರೆದೆ. ಬಯಾಲಜಿ ಒಂದರಲ್ಲೇ ಫೇಲ್. ಅಪ್ಪನಿಗೆ ಹೇಳಲು ಎರಡು ದಿನ ಬೇಕಾಯಿತು.

ಹಳೆಯ ಕಾಲದ ವಿಜ್ಞಾನಿಗಳೂ ಗೋಡೆ ಇದೆ ಅನ್ನೋ ಕಾರಣಕ್ಕೆ ಬ್ಯಾಕ್ಟೀರಿಯಾ, ಅಣಬೆ, ಹಾವಸೆ, ಆಲದಮರ ಎಲ್ಲವನ್ನೂ ಸಸ್ಯಗಳ ಗುಂಪಿಗೇ ಹಾಕಿದ್ದರು. ಆಮೇಲೆ ಬಂದವರು ಕಷ್ಟಪಟ್ಟು ಬಿಡಿಸಿದ ಗಂಟನ್ನು ನನ್ನ ಚೀಟಿ ಮತ್ತೆ ಹಾಕಿತ್ತು. ಫಂಗಸ್ ಸಸ್ಯದ ಹಾಗೆ ಅಡುಗೆ ಮಾಡಿಕೊಳ್ಳುವುದಿಲ್ಲ, ನಮ್ಮ ಹಾಗೆ ನುಂಗುವುದೂ ಇಲ್ಲ. ಎಳೆಗಳಿಂದ ಕಿಣ್ವವನ್ನು ಹೊರಗೆ ಬಿಟ್ಟು, ಬ್ರೆಡ್ಡನ್ನು ಅಲ್ಲೇ ಕರಗಿಸಿ, ಆ ರಸವನ್ನು ಹೀರುತ್ತದೆ. ಅದರ ಗೋಡೆಯ ಕೈಟಿನ್ ಸಿಗಡಿ, ಜಿರಳೆಗಳ ಹೊರಕವಚದಲ್ಲೂ ಇದೆ. ಅದು ಕೂಡಿಡುವುದು ಗ್ಲೈಕೋಜನ್, ನಮ್ಮ ಲಿವರಿನಲ್ಲಿ ಇರುವುದೇ. ಸಸ್ಯ ಕೂಡಿಡುವುದು ಪಿಷ್ಟ.

ಇದು ನನಗೆ ಗಟ್ಟಿಯಾಗಿದ್ದು ಸಪ್ಲಿಮೆಂಟರಿಗೆ ಓದುವಾಗ, ನಮ್ಮ ಅಡಿಕೆ ತೋಟದಲ್ಲಿ. ಪ್ರತಿ ವರ್ಷ ಕೊಳೆ ಔಷಧಿಗೆ ಮೈಲುತುತ್ತ, ಸುಣ್ಣ ಕಲಸಿಕೊಡುತ್ತಿದ್ದವಳು ನಾನೇ. 100 ಲೀಟರ್ ನೀರಿಗೆ ಒಂದೊಂದು ಕೆಜಿ. ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರಾ ಅನ್ನುವ ಸೂಕ್ಷ್ಮಜೀವಿ ನೋಡಲು ಫಂಗಸ್ ತರಹವೇ, ಎಳೆಎಳೆ. ಆದರೆ ಅದರ ಗೋಡೆಯಲ್ಲಿ ಕೈಟಿನ್ ಬದಲು ಸೆಲ್ಯುಲೋಸ್ ಇದೆ. ಈಗ ಅದನ್ನು ನಿಜವಾದ ಫಂಗಸ್‌ಗಳ ಜೊತೆ ಸೇರಿಸುವುದಿಲ್ಲ.  ಗೋಡೆ ಇದೆಯಾ ಅನ್ನುವುದಕ್ಕಿಂತ ಯಾವುದರಿಂದ ಆಗಿದೆ ಅನ್ನುವುದು ಎಷ್ಟು ಮುಖ್ಯ ಅಂತ ಅವತ್ತು ಅರ್ಥವಾಯಿತು.

ಹಾಗಾಗಿ ನಿಮ್ಮ ತೊಂದರೆ ನೆನಪಿನ ಶಕ್ತಿಯದು ಅಂತ ನಾನು ಒಪ್ಪುವುದಿಲ್ಲ. ಕನ್ನಡ ಮೀಡಿಯಂನದಂತೂ ಅಲ್ಲವೇ ಅಲ್ಲ. ನೋಡದೇ ಇರುವುದಕ್ಕೆ ಹೆಸರು ಉರು ಹೊಡೆದರೆ ಅದು ಯಾವ ಭಾಷೆಯಲ್ಲೂ ನಿಲ್ಲುವುದಿಲ್ಲ. ಅಂಗಾಂಶವೂ ಅಷ್ಟೇ. ಪೇರಲೆ ಹಣ್ಣು ತಿನ್ನುವಾಗ ಹಲ್ಲಿಗೆ ಮರಳಿನ ಹಾಗೆ ಸಿಗುತ್ತದಲ್ಲ, ಅದೇ ಸ್ಕ್ಲೀರೆಂಕೈಮಾ ಅನ್ನುವ ಗಟ್ಟಿ ಅಂಗಾಂಶದ ಕಲ್ಲುಕೋಶ. ತೆಂಗಿನ ಕರಟ ಗಟ್ಟಿಯಾಗಿರುವುದೂ ಅಂಥ ಕೋಶಗಳಿಂದಲೇ. ಬಾಳೆದಿಂಡು ಹೆಚ್ಚುವಾಗ ಅಮ್ಮ ಬೆರಳಿಗೆ ಸುತ್ತಿ ತೆಗೆಯುವ ನೂಲು ನೀರು ಸಾಗಿಸುವ ಕ್ಸೈಲಂನದು.

ಇವತ್ತೇ ಒಂದು ಬ್ರೆಡ್ ಚೂರಿಗೆ ನೀರು ಚಿಮುಕಿಸಿ, ಮುಚ್ಚಳದ ಡಬ್ಬಿಯಲ್ಲಿ ನಾಲ್ಕೈದು ದಿನ ಇಡಿ. ಮೂಗಿನ ಹತ್ತಿರ ತರಬೇಡಿ. ಲ್ಯಾಬಿಗೆ ಒಯ್ದು ಮೈಕ್ರೋಸ್ಕೋಪಿನಲ್ಲಿ ತೋರಿಸಿ ಅಂತ ಕೇಳಿ, ಕಂಡದ್ದನ್ನು ಚಿತ್ರ ಬರೆಯಿರಿ. ಆಮೇಲೆ ಪುಸ್ತಕದ ಆ ಟೇಬಲ್ಲನ್ನು ದೊಡ್ಡ ಹಾಳೆಯಲ್ಲಿ ಪೂರ್ತಿ ವಾಕ್ಯಗಳ ಸಮೇತ ಬರೆದುಕೊಳ್ಳಿ. ಆಹಾರದ ಸಾಲಿನಿಂದ ಶುರು ಮಾಡಿ.