ಅಂಗನವಾಡಿಯ ಮಾಡು ಯಾರು ಹೊದಿಸಬೇಕು?

ಓದುಗರ ಪತ್ರ: "ನಮ್ಮೂರ ಅಂಗನವಾಡಿಗೆ ಹದಿನಾರು ಮಕ್ಕಳು ಬರುತ್ತಾರೆ. ಈ ಸಲದ ಆರಿದ್ರೆ ಮಳೆಗೆ ಮಾಡು ಸೋರಿ ಅಕ್ಕಿ ಚೀಲವೇ ನೆನೆಯಿತು. ಪಂಚಾಯ್ತಿಗೆ ಹೋದರೆ 'ಅದು ಇಲಾಖೆದು' ಅಂದರು. ಇಲಾಖೆಯವರು 'ಪಂಚಾಯ್ತಿಗೆ ಹೇಳಿ' ಅಂದರು. ನಾವು ಕಟ್ಟುವ ಮನೆ ತೆರಿಗೆ ಎಲ್ಲಿಗೆ ಹೋಗುತ್ತದೆ? ಮಗನನ್ನು ಪೇಟೆಯ ಎಲ್‌ಕೆಜಿಗೆ ಹಾಕಿಬಿಡಲೇ?" (ಶಿರಸಿ ತಾಲ್ಲೂಕಿನ ಒಬ್ಬ ತಾಯಿ)

ಸಂಪಾದಕರ ಉತ್ತರ:

ಅಕ್ಕಾ, ನಮಸ್ಕಾರ.

ಇಬ್ಬರೂ ನಿಮಗೆ ಹೇಳಿದ್ದು ಅರ್ಧರ್ಧ ನಿಜ. ಅಂಗನವಾಡಿ ಒಬ್ಬರದೇ ದುಡ್ಡಿನಿಂದ ನಡೆಯುವುದಲ್ಲ. ಯಾವುದನ್ನು ಎಲ್ಲಿ ಕೇಳಬೇಕೆಂದು ಯಾರೂ ಹೇಳದಿದ್ದರೆ ತಾಯಂದಿರು ಎರಡು ಕಚೇರಿಗಳ ನಡುವೆ ಚಪ್ಪಲಿ ಸವೆಸುವುದೇ ಆಗುತ್ತದೆ. ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಅಕ್ಕೋರ (ಅಂಗನವಾಡಿ ಕಾರ್ಯಕರ್ತೆಯ) ಗೌರವಧನ, ಮಕ್ಕಳ ಊಟ, ಆಟದ ಸಾಮಾನು ಬರುವುದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ದಾರಿಯಲ್ಲಿ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಇದು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ಈಗ ಖರ್ಚಿನ ನೂರು ರೂಪಾಯಿಯಲ್ಲಿ ಕೇಂದ್ರದ್ದು 60, ರಾಜ್ಯದ್ದು 40. ಊಟದ ಖರ್ಚು ಮಾತ್ರ ಸಮಪಾಲು.

ಆ ಊಟದ ಲೆಕ್ಕ ಬರೆಯುವಾಗ ನನಗೆ ಸಂಕಟವಾಗುತ್ತದೆ. 2017ರಲ್ಲಿ ನಿಗದಿಯಾದ ದರದ ಪ್ರಕಾರ ಒಂದು ಮಗುವಿಗೆ ದಿನಕ್ಕೆ 8 ರೂಪಾಯಿ. ವರ್ಷಕ್ಕೆ 300 ದಿನ. ನಿಮ್ಮೂರಿನ ಹದಿನಾರು ಮಕ್ಕಳಿಗೆ ಇಡೀ ವರ್ಷಕ್ಕೆ 38,400 ರೂಪಾಯಿ ಆಯಿತು. ಇದರಲ್ಲಿ ಪ್ರತಿ ಮಗುವಿಗೂ ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೊಟೀನ್ ಸಿಗಬೇಕೆಂಬುದು ಆ ದರ ಇಟ್ಟಾಗಿನ ನಿಯಮವಾಗಿತ್ತು. ಹಾಲು, ಮೊಟ್ಟೆಗೆ ರಾಜ್ಯ ಸರ್ಕಾರ ಬೇರೆ ಹಣ ಕೊಡುವುದರಿಂದ ತಟ್ಟೆ ಒಂದು ಹದಕ್ಕೆ ಬಂದಿದೆ. ಅಕ್ಕೋರ ಕಥೆಯೂ ಹೀಗೇ. ಕೇಂದ್ರದ ಲೆಕ್ಕದಲ್ಲಿ 2018ರಿಂದ ಅವರಿಗೆ ತಿಂಗಳಿಗೆ 4,500, ಸಹಾಯಕಿಗೆ 2,250. ಅದರ ಮೇಲೆ ರಾಜ್ಯ ತನ್ನದನ್ನು ಸೇರಿಸುತ್ತದೆ. ಇವರು ಗ್ರಾಚ್ಯುಟಿಗೆ (ಕೆಲಸ ಬಿಡುವಾಗ ಸಿಗುವ ಇಡಿಗಂಟಿಗೆ) ಅರ್ಹರು ಎಂಬ ಮಾತು ಸುಪ್ರೀಂ ಕೋರ್ಟಿನಿಂದ ಬರಬೇಕಾದರೆ 2022ರ ತನಕ ಕಾಯಬೇಕಾಯಿತು. ನೆನೆದ ಅಕ್ಕಿಯನ್ನು ಬಿಸಿಲಿಗೆ ಹರವಿ ಉಳಿಸಿಕೊಳ್ಳುವವರೂ ಅವರೇ, ಅದನ್ನು ಮರೆಯಬೇಡಿ.

ಇಷ್ಟಕ್ಕೆಲ್ಲ ಪಂಚಾಯ್ತಿಯನ್ನು ಕೇಳಿ ಪ್ರಯೋಜನವಿಲ್ಲ. ಆದರೆ ಮಾಡು, ನೀರು, ಶೌಚಾಲಯದ ವಿಷಯದಲ್ಲಿ 'ಅದು ಇಲಾಖೆದು' ಎಂಬ ಉತ್ತರವನ್ನು ನಾನು ಒಪ್ಪುವುದಿಲ್ಲ. ಹೊಸ ಅಂಗನವಾಡಿ ಕಟ್ಟಡಕ್ಕೆಂದು ಕೇಂದ್ರ ಹಾಕಿಕೊಟ್ಟ 12 ಲಕ್ಷದ ಲೆಕ್ಕವನ್ನೇ ನೋಡಿ: 8 ಲಕ್ಷ ಉದ್ಯೋಗ ಖಾತ್ರಿಯಿಂದ, 2 ಲಕ್ಷ ಹಣಕಾಸು ಆಯೋಗದ (ಕೇಂದ್ರದ ತೆರಿಗೆ ಹಣವನ್ನು ರಾಜ್ಯ, ಪಂಚಾಯ್ತಿಗಳಿಗೆ ಹೇಗೆ ಹಂಚಬೇಕೆಂದು ಹೇಳುವ ಆಯೋಗ) ಅನುದಾನದಿಂದ, ಇಲಾಖೆಯ ಬಾಬ್ತು ಉಳಿದ 2 ಲಕ್ಷ ಮಾತ್ರ. ಅಂದರೆ ದೊಡ್ಡ ಪಾಲು ಬರುವುದು ಪಂಚಾಯ್ತಿಯ ಕೈ ಹಾಯ್ದೇ. ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯ್ತಿಗಳಿಗೆಂದು ಬರೆದ 29 ವಿಷಯಗಳಲ್ಲಿ ಒಂದು.

ರಿಪೇರಿಗೂ ದಾರಿಯಿದೆ. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಯ ಅನುದಾನದಲ್ಲಿ ನೂರಕ್ಕೆ 60ನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿತು. ಅಂಗನವಾಡಿಯ ನಲ್ಲಿಯೂ ಶೌಚಾಲಯವೂ ಆ ಬಾಬ್ತಿನೊಳಗೇ ಬರುವಂಥವು. ಉಳಿದ 40 ಊರಿನ ಅಗತ್ಯ ನೋಡಿ ಖರ್ಚು ಮಾಡಬಹುದಾದ ಹಣ. ಸಂಬಳಕ್ಕೆ ಬಳಸುವಂತಿಲ್ಲ, ಹಂಚು, ಪಕಾಸಿಗೆ ಅಡ್ಡಿಯಿಲ್ಲ. ನಿಮ್ಮ ಮನೆ ತೆರಿಗೆಯೂ, ಜೊತೆಗೆ ವಸೂಲಿಯಾಗುವ ಕೆಲವು ಉಪಕರಗಳನ್ನು ಬಿಟ್ಟರೆ, ಬೆಂಗಳೂರಿಗೆ ಹೋಗುವುದಿಲ್ಲ, ಪಂಚಾಯ್ತಿಯಲ್ಲೇ ಉಳಿಯುತ್ತದೆ. ಘಟ್ಟದ ಮೇಲೆ ನಮ್ಮ ಮನೆಗಳು ಗುಡ್ಡಕ್ಕೊಂದು, ಕಣಿವೆಗೊಂದು. ತೆರಿಗೆ ಹುಟ್ಟುವುದು ಕಡಿಮೆ, ಪೈಪು, ಬೀದಿದೀಪದ ತಂತಿ ಎಳೆಯಬೇಕಾದ ದೂರ ಜಾಸ್ತಿ. ಹಣ ಸಾಲುವುದಿಲ್ಲ ಎಂದು ಸದಸ್ಯರು ಹೇಳಿದರೆ ಅದು ನೆಪವೇ ಆಗಿರಬೇಕೆಂದಿಲ್ಲ. ಆದರೂ ಮೂರು ವರ್ಷದ ಮಗುವಿನ ತಲೆಯ ಮೇಲಿನ ಮಾಡು ಪಟ್ಟಿಯ ಕೊನೆಗೆ ಹೋಗಬಾರದು.

ಮೊದಲು ಕಟ್ಟಡ ಯಾರ ಹೆಸರಿನಲ್ಲಿದೆ ಎಂದು ಅಕ್ಕೋರ ಹತ್ತಿರ ಕೇಳಿಕೊಳ್ಳಿ. ಬಾಡಿಗೆಯದಾದರೆ ಮಾತು ಮನೆಯ ಯಜಮಾನರೊಂದಿಗೆ. ಹಳ್ಳಿಯ ಅಂಗನವಾಡಿಗೆ ಕೇಂದ್ರ ಸರ್ಕಾರ ಇಟ್ಟ ಬಾಡಿಗೆ ದರ ಕಡಿಮೆಯೇ, ಅವರಿಂದ ಹೆಚ್ಚು ನಿರೀಕ್ಷಿಸುವುದು ಕಷ್ಟ. ಸ್ವಂತ ಕಟ್ಟಡವಾದರೆ ಬಾಲವಿಕಾಸ ಸಮಿತಿಯ (ಅಂಗನವಾಡಿ ನೋಡಿಕೊಳ್ಳುವ ಊರಿನ ಸಮಿತಿ) ಸಭೆ ಕರೆಸಿ, ಠರಾವು ಬರೆಸಿ, ಒಂದು ಪ್ರತಿ ಪಿಡಿಓಗೆ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ), ಇನ್ನೊಂದು ಇಲಾಖೆಯ ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಮಳೆ ಹಿಡಿದ ಮೇಲೆ ಹೋದರೆ ಯಾವ ಕೆಲಸಕ್ಕೆ ಎಷ್ಟು ಹಣ ಎಂಬ ಪಂಚಾಯ್ತಿಯ ಆ ವರ್ಷದ ಕ್ರಿಯಾಯೋಜನೆ ಮುಗಿದಿರುತ್ತದೆ. ಅದು ತಯಾರಾಗುವ ಮುಂಚಿನ ವಾರ್ಡ್ ಸಭೆ, ಗ್ರಾಮಸಭೆಗಳಲ್ಲಿ ನಿಮ್ಮ ಬೇಡಿಕೆ ನಡಾವಳಿ ಪುಸ್ತಕಕ್ಕೆ ಸೇರಬೇಕು. ಮಕ್ಕಳ ಗ್ರಾಮಸಭೆ ಎಂದು ವರ್ಷಕ್ಕೊಮ್ಮೆ ಬೇರೆಯೇ ನಡೆಯುತ್ತದೆ, ಅದನ್ನೂ ಬಿಡಬೇಡಿ. ಅಡಿಕೆ ಸುಲಿಯಲು, ಗದ್ದೆ ನಾಟಿಗೆ ಹೋಗುವ ತಾಯಂದಿರು ನಿಮ್ಮಲ್ಲಿ ಇದ್ದೇ ಇರುತ್ತಾರೆ. ಕೂಲಿಗೆ ಹೋಗುವವರ ಪುಟ್ಟ ಮಕ್ಕಳಿಗೆಂದು ರಾಜ್ಯ 2023ರಲ್ಲಿ 4,000 ಪಂಚಾಯ್ತಿಗಳಿಗೆ ಘೋಷಿಸಿದ 'ಕೂಸಿನ ಮನೆ' ಶಿಶುಪಾಲನಾ ಕೇಂದ್ರ ನಿಮ್ಮಲ್ಲಿ ಇದೆಯೇ, ಬಾಗಿಲು ತೆರೆಯುತ್ತಿದೆಯೇ ಎಂದೂ ಅಲ್ಲೇ ಕೇಳಿ.

ಎಲ್‌ಕೆಜಿ ವಿಷಯ. ನಿಮ್ಮ ಮಗನ ಬಗ್ಗೆ ತೀರ್ಮಾನ ನಿಮ್ಮದು, ತಪ್ಪು ಹಿಡಿಯಲಾರೆ. ನನ್ನ ಮನಸ್ಸಿನಲ್ಲಿರುವುದನ್ನು ಹೇಳುತ್ತೇನೆ: ಆ ವಯಸ್ಸಿಗೆ ಅಕ್ಷರ ತಿದ್ದುವುದಕ್ಕಿಂತ ಹಾಡು, ಕಥೆ, ಮಣ್ಣಾಟ, ಹೊಟ್ಟೆ ತುಂಬ ಊಟ ಮುಖ್ಯ. ಒಳ್ಳೆಯ ಅಕ್ಕೋರಿದ್ದರೆ ಇವೆಲ್ಲ ಕಾಲುಸಂಕ ದಾಟಿದರೆ ಸಿಗುವ ಅಂಗನವಾಡಿಯಲ್ಲೇ ಸಿಗುತ್ತವೆ. ಘಟ್ಟದ ತಿರುವಿನಲ್ಲಿ ಮುಂಜಾನೆ ವ್ಯಾನು ಹತ್ತಬೇಕಿಲ್ಲ. ದನಿ ಎತ್ತಬಲ್ಲ ನಿಮ್ಮಂಥವರು ಮಕ್ಕಳನ್ನು ಪೇಟೆಗೆ ಕರೆದೊಯ್ದರೆ ಉಳಿದ ಹದಿನೈದು ಮಕ್ಕಳ ಮಾಡಿನ ಬಗ್ಗೆ ಪಂಚಾಯ್ತಿಯಲ್ಲಿ ಕೇಳುವವರು ಯಾರು ಎಂಬ ಚಿಂತೆಯೂ ನನಗಿದೆ.

ಸೋರುವ ಜಾಗದ ಫೋಟೋವನ್ನು ಮಳೆ ಬಿಡುವ ಮುಂಚೆಯೇ ತೆಗೆದಿಡಿ. ಠರಾವಿನ ನಕಲು ಸಿಕ್ಕ ಮೇಲೆ ನಮಗೂ ಒಂದು ಕಳುಹಿಸಿ, ಈ ಪುಟದಲ್ಲೇ ಹಾಕುತ್ತೇವೆ.