ಮೂಳೆ ಪೆನ್ನು: ಉಳಿಗಿಂತ ಮೊದಲು ಜಿಡ್ಡು ನೋಡಿ

ಪ್ರಶ್ನೆ: ಮನೆಯಲ್ಲಿ ಸಣ್ಣ ಲೇತ್ ಇದೆ, ಮರದ ಪೆನ್ನು ಕಡೆದು ಕೈ ಪಳಗಿದೆ. ಈಗ ಎಮ್ಮೆ ಮೂಳೆಯಲ್ಲಿ ಮಾಡೋಣ ಅಂತ ಆಸೆ. ಮೂಳೆ ಸೀಳುತ್ತಾ? ಯಾವ ಉಳಿ ಬೇಕು? – ಸಾಗರದ ಓದುಗರು

ಉತ್ತರ: ಉಳಿಯ ಚಿಂತೆ ಆಮೇಲೆ ಮಾಡಿ. ನನ್ನ ಮೊದಲ ಮೂಳೆ ಪೆನ್ನು ದಂತದ ಹಾಗೆ ಹೊಳೆಯುತ್ತಿತ್ತು, ಕಂಡಕಂಡವರಿಗೆಲ್ಲ ತೋರಿಸಿ ಬೀಗಿದ್ದೂ ಆಯ್ತು, ಎರಡು ತಿಂಗಳಿಗೆ ಒಳಗಿನ ಕೊಬ್ಬು ಮೇಲೆ ಬಂದು ವಡೆ ಕಟ್ಟಿದ ಪೇಪರ್ ಥರ ಕಲೆ ಬಿತ್ತು. ತಪ್ಪು ನನ್ನದೇ. ಬೇಗ ಆಗಲಿ ಅಂತ ಕೊತಕೊತ ಕುದಿಸಿದ್ದೆ. ಹಾಗೆ ಕುದಿಸಿದರೆ ಜಿಡ್ಡು ಹೊರಗೆ ಬರುವ ಬದಲು ಮೂಳೆಯೊಳಕ್ಕೇ ಇಳಿಯುತ್ತದೆ.

ಕಾಲಿನ ಮೂಳೆಯ ನಡುಭಾಗ ತಗೊಳ್ಳಿ, ಅದೇ ನೇರ, ಅದೇ ದಪ್ಪ. ಎರಡೂ ತುದಿ ಹ್ಯಾಕ್ಸಾದಲ್ಲಿ ಕತ್ತರಿಸಿ, ತಂತಿ ಹಾಕಿ ಮಜ್ಜೆ ತೆಗೆಯಿರಿ. ನೀರಲ್ಲಿ ಹಾಕಿ, ಕುದಿಯದ ಹಾಗೆ ಸಣ್ಣ ಉರಿಯಲ್ಲಿ ಕಾಯಿಸಿ. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ನೀರಿನಲ್ಲಿ ನೆನೆಹಾಕಿ, ನೀರಿನ ಮೇಲೆ ಎಣ್ಣೆಪಸೆ ತೇಲುವುದು ನಿಲ್ಲುವವರೆಗೂ ನೀರು ಬದಲಿಸುತ್ತಿರಿ. ವಾರಗಟ್ಟಲೆ ಹಿಡಿಯುತ್ತದೆ, ಬೇರೆ ದಾರಿ ಇಲ್ಲ. ಬಿಳಿ ಬೇಕಾದರೆ ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ ಸಾಕು. ಬ್ಲೀಚಿಂಗ್ ಪೌಡರ್ ಮಾತ್ರ ಬೇಡ, ಮೂಳೆ ಪುಡಿಪುಡಿಯಾಗುತ್ತದೆ. ನೆರಳಲ್ಲೇ ಒಣಗಿಸಿ.

ಇನ್ನು ಸೀಳುವ ವಿಷಯ. ಸೀಳುವುದು ಬಿಸಿಯಿಂದ. ಸಾಮಾನ್ಯ ಪೆನ್ನಿನೊಳಗೆ ಕೂರುವ ಹಿತ್ತಾಳೆ ಕೊಳವೆಗೆ 7 ಮಿ.ಮೀ. ಡ್ರಿಲ್ ಬೇಕು. ಸ್ವಲ್ಪ ಕೊರೆಯಿರಿ, ಬಿಟ್ ಹೊರಗೆಳೆಯಿರಿ, ಆರಲಿ, ಮತ್ತೆ ಕೊರೆಯಿರಿ. ಹಲ್ಲಿನ ಡಾಕ್ಟರ ಹತ್ತಿರ ಬರುವ ವಾಸನೆ ಬಂದೇ ಬರುತ್ತದೆ, ಸುಟ್ಟ ವಾಸನೆ ಬಂದರೆ ಮಾತ್ರ ನಿಲ್ಲಿಸಿ. ತೆಳ್ಳಗೆ ಕಡೆದ ಮೂಳೆಯೊಳಗಿಂದ ಹಿತ್ತಾಳೆ ಕೊಳವೆ ಕಪ್ಪಗೆ ಕಾಣುತ್ತದೆ, ಅದಕ್ಕೇ ಅಂಟಿಸುವ ಮುಂಚೆ ಕೊಳವೆಗೆ ಬಿಳಿ ಬಣ್ಣ ಬಳಿಯಿರಿ. ಉಳಿ ಯಾವುದಾದರೂ ಸರಿ, ಸಾಣೆ ಹಿಡಿದಿರಬೇಕು. ಕೊನೆಗೆ 320ರಿಂದ 2000 ನಂಬರಿನವರೆಗೆ ವಾಟರ್ ಪೇಪರ್, ಅಂದರೆ ನೀರು ಹಚ್ಚಿ ಉಜ್ಜುವ ಉಪ್ಪುಕಾಗದ.

ಒಂದು ಮಾತು, ಗಂಭೀರವಾಗಿಯೇ ಹೇಳುತ್ತೇನೆ. ಹೊಲದಲ್ಲಿ ಸತ್ತುಬಿದ್ದ ದನದ ಮೂಳೆ ಎತ್ತಿಕೊಂಡು ಬರಬೇಡಿ. ಅದು ನೆರಡಿ ರೋಗದಿಂದ (ಆಂಥ್ರಾಕ್ಸ್) ಸತ್ತಿದ್ದರೆ ರೋಗಾಣು ಹತ್ತಾರು ವರ್ಷ ಉಳಿದಿರುತ್ತದೆ, ಸುಮ್ನೆ ಕಾಯಿಸಿದರೆ ಸಾಯುವಂಥದ್ದಲ್ಲ. ಮಾಂಸದಂಗಡಿಯಿಂದಲೇ ತನ್ನಿ. ಮೂಳೆ ಯಾವುದೇ ಇರಲಿ, ಮಾಸ್ಕ್ ಹಾಕದೆ ಲೇತ್ ಮುಟ್ಟಬೇಡಿ.

ಪ್ರಶ್ನೆ: ನಮ್ಮ ಕಾಫಿ ತೋಟದಲ್ಲಿ ಕಡವೆಯ ಉದುರಿದ ಕೊಂಬು ಸಿಕ್ಕಿದೆ. ಯಾರೂ ಬೇಟೆ ಆಡಿದ್ದಲ್ಲ, ತಾನಾಗಿ ಬಿದ್ದಿದ್ದು. ಪೆನ್ನು ಮಾಡಬಹುದು ಅಲ್ವಾ? – ಮಡಿಕೇರಿಯ ಓದುಗರು

ಉತ್ತರ: ಬೇಡ. ಕಡವೆ ತಾನಾಗಿಯೇ ಕೊಂಬು ಉದುರಿಸುತ್ತದೆ, ನಿಜ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಸಿಕ್ಕಿದ್ದು ಅಂತ ಇಟ್ಟುಕೊಳ್ಳುವ ಹಾಗಿಲ್ಲ. ಹುಲಿ ಉಗುರಿನ ಲಾಕೆಟ್ ಹಾಕಿಕೊಂಡಿದ್ದಕ್ಕೆ ಕೇಸು ಬಿದ್ದ 2023ರ ಗಲಾಟೆ ನೆನಪಿದೆಯಲ್ಲ? ಅರಣ್ಯ ಇಲಾಖೆಗೆ ಒಪ್ಪಿಸಿಬಿಡಿ. ಕೊಂಬೇ ಬೇಕು ಅಂದರೆ ಎಮ್ಮೆ ಕೊಂಬು ನೋಡಿ. ಉತ್ತರ ಪ್ರದೇಶದ ಸಂಭಲ್‌ನಲ್ಲಿ ಅದರ ಕೆಲಸವೇ ದೊಡ್ಡ ಕಸುಬು. ಬುಡ ಟೊಳ್ಳು, ತುದಿ ಗಟ್ಟಿ. ಪೆನ್ನಿಗೆ ಬೇಕಾಗಿದ್ದು ಆ ತುದಿಯೇ. ಕಡೆಯುವಾಗ ಕೂದಲು ಸುಟ್ಟ ವಾಸನೆ ಬರುತ್ತದೆ, ಮನೆಯವರಿಗೆ ಮೊದಲೇ ಹೇಳಿಡಿ.

ಪ್ರಶ್ನೆ: ಮೂಳೆ ತಂದರೆ ನನ್ನನ್ನೂ ಸೇರಿಸಿ ಹೊರಗೆ ಹಾಕುತ್ತೇನೆ ಅಂದಿದ್ದಾರೆ ಅಮ್ಮ. ಬೇರೇನಿದೆ? – ಶಿರಸಿಯ ಓದುಗರು

ಉತ್ತರ: ಶಿರಸಿಯಲ್ಲಿದ್ದು ಈ ಪ್ರಶ್ನೆಯೇ! ನಿಮ್ಮ ಕಡೆಯೇ ಸಿಗುವ ತಾಳೆ ಜಾತಿಯ ಬೈನೆ ಮರ ಕಡೆದು ನೋಡಿ, ಕಪ್ಪು ನಾರಿನ ಗೆರೆಗಳು ಎಷ್ಟು ಚೆಂದ. ನಾರು ಕಬ್ಬಿಣದಂತೆ, ನಡುವಿನ ತಿರುಳು ಮಾತ್ರ ಮೆದು, ಕಿತ್ತು ಬರುತ್ತದೆ. ಹಾಗಾಗಿ ಕಡೆಯುವ ನಡುನಡುವೆ ತೆಳು ಸೂಪರ್ ಗ್ಲೂ ಕುಡಿಸುತ್ತಾ ಹೋಗಿ. ಅದರ ಘಾಟು ಕಣ್ಣಿಗೆ ಹೊಡೆಯುತ್ತದೆ, ಕಿಟಕಿ ತೆಗೆದಿಡಿ.